ಓದುಗರ ಪ್ರಶ್ನೆ: ಬಾಲಿಯ ಬಾತೂರ್ ಬೆಟ್ಟ ಹತ್ತುವ ಮುನ್ನ

ಪ್ರಶ್ನೆ: ಮೇ ತಿಂಗಳಲ್ಲಿ ಆರು ದಿನ ಬಾಲಿಗೆ ಹೊರಟಿದ್ದೇವೆ. ಜೊತೆಗೆ ಹನ್ನೊಂದು ವರ್ಷದ ಮಗಳು, ಮಂಡಿನೋವಿರುವ ಅಮ್ಮ ಇದ್ದಾರೆ. ಬಾತೂರ್ ಜ್ವಾಲಾಮುಖಿ ಹತ್ತಿ ಸೂರ್ಯೋದಯ ನೋಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ನೀವೂ ಮಗಳೂ ಧಾರಾಳವಾಗಿ ಹತ್ತಿ. ಅಮ್ಮನನ್ನು ಮಾತ್ರ ಹತ್ತಿಸಬೇಡಿ. ಬಾತೂರ್ 1,717 ಮೀಟರ್ ಎತ್ತರವಿದ್ದರೂ ನಡಿಗೆ ಶುರುವಾಗುವುದು ಬೆಟ್ಟದ ಬುಡದ ಕೆರೆಯ ದಂಡೆಯ ಹಳ್ಳಿಗಳಿಂದ. ಹಾಗಾಗಿ ಏರಬೇಕಾದ್ದು ಸುಮಾರು 700 ಮೀಟರ್, ಎರಡು ಗಂಟೆಯ ದಾರಿ. ಉಬುದ್‌ನಲ್ಲಿ ತಂಗಿದ್ದರೆ ನಡುರಾತ್ರಿ ಎರಡಕ್ಕೇ ಗಾಡಿ ಬರುತ್ತದೆ. ಸ್ಥಳೀಯ ಗೈಡ್ ಇಲ್ಲದೆ ಹೊರಡಬೇಡಿ.

ತೊಂದರೆ ಕೊಡುವುದು ಏರುವುದಲ್ಲ, ಇಳಿಯುವುದು. ಮೇಲಿನ ಭಾಗವೆಲ್ಲ ಲಾವಾದ ಪುಡಿಗಲ್ಲು. ಅದು ಕಾಲಡಿ ಉರುಳುತ್ತದೆ. ಅಡಿ ಸವೆದ ಶೂ ಹಾಕಿಕೊಂಡರೆ ಜಾರಿ ಬೀಳುವುದು ಸುಲಭ. ಹಲ್ಲು ಚೆನ್ನಾಗಿರುವ ಶೂ, ತಲೆಗೆ ಕಟ್ಟುವ ಟಾರ್ಚ್, ತಲಾ ಒಂದೂವರೆ ಲೀಟರ್ ನೀರು ಇರಲಿ. ಬೆವರಿದ ಮೈಗೆ ತುದಿಯ ಗಾಳಿ ತಾಗಿದರೆ ನಡುಕ ಹುಟ್ಟುತ್ತದೆ. ಆದ್ದರಿಂದ ಜರ್ಕಿನ್ ಜೊತೆಗೆ ಒಂದು ಒಣ ಬನಿಯನ್ ಬ್ಯಾಗಿನಲ್ಲಿರಲಿ. ಬಂಡೆಯ ಬಿರುಕುಗಳಿಂದ ಹಬೆ ಬರುವುದನ್ನು ಮಗಳಿಗೆ ತೋರಿಸಿ. ಗೈಡ್‌ಗಳು ಆ ಬಿಸಿಯಲ್ಲೇ ಮೊಟ್ಟೆ, ಬಾಳೆಹಣ್ಣು ಬೇಯಿಸಿಕೊಡುತ್ತಾರೆ. ಬಿರುಕಿನೊಳಗೆ ಕೈ ಮಾತ್ರ ಹಾಕಬಾರದು.

ಅಮ್ಮನಿಗೆ, ಬೆಟ್ಟವನ್ನು ಸುತ್ತುವರಿದ ದೊಡ್ಡ ಕುಳಿಯ ಮೇಲಂಚಿನಲ್ಲಿರುವ ಪೆನೆಲೋಕನ್ ಹೇಳಿ ಮಾಡಿಸಿದ ಜಾಗ. ಕಾರು ನೇರ ಹೋಗುತ್ತದೆ. ಬೆಟ್ಟ, ಕೆರೆ, ಕರಿ ಲಾವಾದ ಬಯಲು ಒಂದೇ ನೋಟಕ್ಕೆ ಸಿಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವುದರಿಂದ ಒಂಬತ್ತರೊಳಗೆ ತಲುಪಿ. 1926ರ ಸ್ಫೋಟದಲ್ಲಿ ಬಾತೂರ್ ಹಳ್ಳಿ ಲಾವಾದಡಿ ಹೂತುಹೋಯಿತು. ಊರಿನವರು ಉಲುನ್ ದಾನು ದೇವಸ್ಥಾನವನ್ನು ಮೇಲಿನ ಅಂಚಿನಲ್ಲಿ ಮತ್ತೆ ಕಟ್ಟಿಕೊಂಡರು. ಅದನ್ನು ತಪ್ಪದೆ ನೋಡಿ; ಒಳಗೆ ಹೋಗಲು ಸೊಂಟಕ್ಕೆ ಸರೋಂಗ್ (ಲುಂಗಿಯಂಥ ಬಟ್ಟೆ) ಉಡಬೇಕು. ಬೆಟ್ಟ ಇಳಿದು ಬಂದವರು ತೋಯಾ ಬುಂಕಾದ ಬಿಸಿನೀರ ಕೊಳದಲ್ಲಿ ಕಾಲು ಚಾಚಿದರೆ ಸುಸ್ತು ಇಳಿಯುತ್ತದೆ.

ಪ್ರಶ್ನೆ: ಜ್ವಾಲಾಮುಖಿ ಸಿಡಿದರೆ ವಿಮಾನ ರದ್ದಾಗುತ್ತದಂತೆ, ಹೌದೇ?
– ಓದುಗರು, ಮೈಸೂರು

ಉತ್ತರ: ಹೌದು. ಸಿಡಿಯುವುದು ಬಾಲಿಯಲ್ಲೇ ಆಗಬೇಕೆಂದೂ ಇಲ್ಲ. 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಲೆವೊತೊಬಿ ಸಿಡಿದಾಗ ಬಾಲಿಯ ಹಲವು ವಿಮಾನಗಳು ರದ್ದಾದವು. ಬೂದಿಯ ಕಣ ಎಂಜಿನ್ನಿನ ಬಿಸಿಗೆ ಕರಗಿ, ಒಳಗಿನ ಬ್ಲೇಡುಗಳ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಯಾರೂ ಹಾರುವುದಿಲ್ಲ. ಮರಳಿದ ಮರುದಿನವೇ ಪರೀಕ್ಷೆಯೋ ಮದುವೆಯೋ ಇಟ್ಟುಕೊಳ್ಳಬೇಡಿ. ಒಂದು ದಿನ ಬಿಡುವಿರಲಿ. ಪ್ರಯಾಣ ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಿ, ಜ್ವಾಲಾಮುಖಿ ಬೂದಿಗೂ ಅನ್ವಯಿಸುತ್ತದೆಯೇ ಎಂದು ಓದಿಕೊಳ್ಳಿ. ಸ್ಫೋಟ ಸುದ್ದಿಯಾದ ಮೇಲೆ ಕೊಂಡ ವಿಮೆಯಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಇಂಡೊನೇಷ್ಯಾ ಸರ್ಕಾರದ ‘ಮಾಗ್ಮಾ’ ಜಾಲತಾಣದಲ್ಲಿ ಪ್ರತಿ ಬೆಟ್ಟಕ್ಕೂ 1ರಿಂದ 4ರವರೆಗೆ ಎಚ್ಚರಿಕೆಯ ಮಟ್ಟ ಇರುತ್ತದೆ. ಹತ್ತುವ ಹಿಂದಿನ ದಿನ ಅದನ್ನು ನೋಡಿ.

ಪ್ರಶ್ನೆ: ಬಾಲಿಯಲ್ಲಿ ಸಸ್ಯಾಹಾರಿಗಳ ಗತಿ?
– ಓದುಗರು, ಶಿರಸಿ

ಉತ್ತರ: ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ತೋಫು, ತರಕಾರಿ ಎಲ್ಲೆಡೆ ಸಿಗುತ್ತವೆ. ಆದರೆ ಸಾಂಬಾಲ್ ಚಟ್ನಿಗೆ ಸಿಗಡಿಯ ಪೇಸ್ಟ್ ಹಾಕುವುದು ರೂಢಿ. ಅಂಚಿಗಿಡುವ ಹಪ್ಪಳವೂ ಹಲವು ಸಲ ಸಿಗಡಿಯದೇ. ‘ತಾನ್ಪಾ ತೆರಾಸಿ’ (ಸಿಗಡಿ ಪೇಸ್ಟ್ ಇಲ್ಲದೆ) ಎಂದು ಕೇಳಿ, ಹಪ್ಪಳವನ್ನು ಬೇಡವೆನ್ನಿ.