ಟೀಚರಮ್ಮನ್ನ ಕೇಳಿ: ಪಂಚಾಯಿತಿ ವೋಟು, ಹರಾಜು ಮತ್ತು ಗಂಡ ಹೇಳಿದ ಗುರುತು

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಊರ ಚುನಾವಣೆಯವೇ. ಅತ್ತೆ-ಸೊಸೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಹೇಳಬೇಕೆಂದರೆ, ನಾನು ತುಮಕೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಪಾಠದ ಜೊತೆಗೆ ಬಿಎಲ್ಒ ಕೆಲಸವನ್ನೂ ಮಾಡಿದ್ದೇನೆ, ಅಂದರೆ ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿದ್ದೇನೆ. ಮತಗಟ್ಟೆ ಡ್ಯೂಟಿಯಂತೂ ಲೆಕ್ಕವಿಲ್ಲ. ಹಾಗಾಗಿ ಈ ವಿಷಯಕ್ಕೆ ನನ್ನ ಬಾಯಿ ಸ್ವಲ್ಪ ಜಾಸ್ತಿ.

ಪ್ರಶ್ನೆ: ಟೀಚರಮ್ಮ, ನಾನು ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ಎಂಎಲ್ಎ ಎಲೆಕ್ಷನ್‌ಗೆ ತಪ್ಪದೆ ಹೋಗುವ ನಮ್ಮ ಬೀದಿಯ ಹೆಂಗಸರು ಪಂಚಾಯಿತಿ ಎಲೆಕ್ಷನ್ ಅಂದರೆ ‘ಯಾರು ಗೆದ್ರೂ ಅಷ್ಟೇ ಬಿಡು’ ಅಂತಾರೆ. ಹೋದವರೂ ಗಂಡ ಹೇಳಿದ ಗುರುತಿಗೇ ಒತ್ತಿ ಬರ್ತಾರೆ. ಇವರನ್ನು ಹೇಗೆ ಎಬ್ಬಿಸೋದು?
— ಓದುಗರೊಬ್ಬರು, ತುರುವೇಕೆರೆ ತಾಲ್ಲೂಕು

ಉತ್ತರ: ನಿಮ್ಮದು ಅಪರೂಪದ ಬೀದಿ ಕಣಮ್ಮ. 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಪಂಚಾಯಿತಿ ಚುನಾವಣೆಯಲ್ಲಿ ನೂರಕ್ಕೆ ಸುಮಾರು 80 ಜನ ಮತ ಹಾಕಿದ್ದರು, ಅದೂ ಕೊರೋನಾ ಕಾಲದಲ್ಲಿ. ಅಷ್ಟು ಜನ ಹೋದಾಗಲೂ ಒಂದು ಬೀದಿ ಹೋಗಲಿಲ್ಲ ಅಂದರೆ ಅದಕ್ಕೆ ಸೋಮಾರಿತನ ಕಾರಣ ಅಂತ ನಾನು ನಂಬುವುದಿಲ್ಲ. ಭಾಷಣ ಮಾಡುವ ಮೊದಲು ಯಾರ್ಯಾರು ಹೋಗಲಿಲ್ಲ ಅಂತ ಸಂಘದ ಪುಸ್ತಕದ ಹಿಂದೆ ಹೆಸರು ಬರೆಯಿರಿ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಎಲ್ಲರೆದುರು ಕೇಳಿದರೆ ‘ಯಾರು ಗೆದ್ರೂ ಅಷ್ಟೇ’ ಅಂತಲೇ ಹೇಳುತ್ತಾರೆ. ನಿಜವಾದ ಕಾರಣ ಹಿತ್ತಲಲ್ಲಿ ಬರುತ್ತದೆ.

ನಾನು ಪಟ್ಟಿ ಹಿಡಿದು ತಿರುಗುವಾಗ ಕಂಡ ಕಾರಣಗಳನ್ನು ಹೇಳುತ್ತೇನೆ. ಮೊದಲನೆಯದು, ಮದುವೆಯಾಗಿ ಬಂದ ಸೊಸೆಯರ ಹೆಸರು. ಮಗು ಒಂದನೇ ಕ್ಲಾಸಿಗೆ ಸೇರಿದ್ದರೂ ತಾಯಿಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇರುತ್ತದೆ. ಅವಳಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಫಾರಂ 8 ತುಂಬಿದರೆ ಹೆಸರು ಗಂಡನ ಊರಿಗೆ ಬರುತ್ತದೆ, ಮೊಬೈಲಿನಲ್ಲೂ ತುಂಬಬಹುದು. ಎರಡನೆಯದು ಕೂಲಿ. ಮತದಾನದ ದಿನ ರಜೆ ಕೊಡುತ್ತಾರೆ ನಿಜ, ಆದರೆ ಕೂಲಿಯವರಿಗೆ ರಜೆ ಅಂದರೆ ಆ ದಿನದ ದುಡ್ಡಿಲ್ಲ ಅಂತಲೇ ಅರ್ಥ. ಕಳೆದ ಸಲ ಬೆಳಗ್ಗೆ ಏಳಕ್ಕೇ ಬಾಗಿಲು ತೆರೆದಿದ್ದರು. ಸಂಘದವರು ಒಟ್ಟಿಗೆ ಆರೂಮುಕ್ಕಾಲಿಗೆ ಹೋಗಿ ನಿಂತರೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಮುಗಿದಿರುತ್ತದೆ. ಹಾಲಿನ ಡೇರಿಗೆ ಹೋಗುವ ಹೊತ್ತೂ ಅದೇ, ಕ್ಯಾನು ಡೇರಿಯಲ್ಲಿಟ್ಟು ಹಾಗೇ ಮುಂದೆ ಹೋಗಿ.

ಮೂರನೆಯ ಕಾರಣವೇ ದೊಡ್ಡದು, ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಎಂಎಲ್ಎಗೆ ನಾವು ಯಾರಿಗೆ ಹಾಕಿದೆವು ಅಂತ ಯಾರೂ ಮುನಿಸಿಕೊಳ್ಳುವುದಿಲ್ಲ. ಪಂಚಾಯಿತಿಗೆ ನಿಂತವರು ಹಾಗಲ್ಲ. ಒಬ್ಬರು ನಮ್ಮ ಭಾವನ ಕಡೆಯವರು, ಇನ್ನೊಬ್ಬರ ಬಾವಿಯಿಂದ ನಮ್ಮ ತೋಟಕ್ಕೆ ನೀರು. ಯಾರಿಗೆ ಹಾಕಿದರೂ ಇನ್ನೊಬ್ಬರ ಮುನಿಸು. ಪಾರ್ಟಿ ಚಿಹ್ನೆಯೂ ಇಲ್ಲವಲ್ಲ, ಹಾಗಾಗಿ ಪಾರ್ಟಿ ಮೇಲೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ. ಹೋಗದೇ ಇದ್ದುಬಿಟ್ಟರೆ ಯಾರಿಗೂ ಕೆಟ್ಟವರಾಗುವುದಿಲ್ಲ ಅಂತ ಹೆಂಗಸರು ಲೆಕ್ಕ ಹಾಕಿರುತ್ತಾರೆ. ದಡ್ಡ ಲೆಕ್ಕ ಅಲ್ಲ ಅದು.

ಇದಕ್ಕೆ ಮದ್ದು ಚುನಾವಣೆಯ ನಿಯಮದಲ್ಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಪಂಚಾಯಿತಿಯ ಒಂದೊಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸ್ಥಾನ ಇರುತ್ತವೆ. ಎಷ್ಟು ಸ್ಥಾನವೋ ಅಷ್ಟು ಮತ ನಿಮಗೆ. ಮೂರು ಸ್ಥಾನ ಇದ್ದರೆ ಮೂವರಿಗೆ ಒತ್ತಬಹುದು. ಒಬ್ಬರಿಗೆ ಒಂದೇ ಮತ, ಒಬ್ಬರಿಗೇ ಎರಡು ಒತ್ತುವಂತಿಲ್ಲ. ನಾಲ್ವರಿಗೆ ಒತ್ತಿದರೆ ಕುಲಗೆಟ್ಟ ಮತ ಆಗುತ್ತದೆ. ಒಂದು ಮತ ನೆಂಟಸ್ತಿಕೆಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ, ಉಳಿದ ಎರಡು ನಿಮ್ಮವೇ ಅಲ್ವಾ? ಗಂಡನ ವಿಷಯವೂ ಅಷ್ಟೇ. ಮನೆಯಲ್ಲಿ ಹೂಂ ಅನ್ನಿ. ಮರೆಯೊಳಗೆ ಹೋದ ಮೇಲೆ ಅಲ್ಲಿ ನೀವು, ಮೊಹರು, ಮತಪತ್ರ, ಮೂರೇ. ಇದು ಗಂಡನಿಗೆ ಮಾಡುವ ಮೋಸ ಅಂತ ನಾನು ಒಪ್ಪುವುದಿಲ್ಲ. ಗುಟ್ಟಾಗಿರಲಿ ಅಂತಲೇ ಕಾನೂನು ಮಾಡಿರುವುದು.

ಕಳೆದ ಸಲ ಬೀದರ್ ಜಿಲ್ಲೆ ಬಿಟ್ಟು ಎಲ್ಲ ಕಡೆ ಮತಪತ್ರವೇ ಇತ್ತು, ಯಂತ್ರ ಇರಲಿಲ್ಲ. ಮತಪತ್ರ ಬಂದರೆ ಅಭ್ಯಾಸ ಬೇಕು. ಸಂಘದ ಸಭೆಯಲ್ಲಿ ನೋಟುಬುಕ್ಕಿನ ಹಾಳೆ ಮೇಲೆ ಸೌಟು, ಮೊರ, ಬಾಚಣಿಗೆ ಅಂತ ಸುಮ್ನೆ ಗುರುತು ಬರೆದು ಒತ್ತಿ ನೋಡಿ. ಎರಡು ಗುರುತಿನ ನಡುವಿನ ಗೆರೆ ಮೇಲೆ ಒತ್ತಬಾರದು. ಮಡಿಸುವಾಗ ಶಾಯಿ ಇನ್ನೊಂದು ಗುರುತಿಗೆ ಅಂಟದ ಹಾಗೆ ಮಡಿಸಬೇಕು. ನಗುತ್ತಾ ನಗುತ್ತಾ ಕಲಿಯುತ್ತಾರೆ. ಆದರೆ ನಿಂತಿರುವವರ ನಿಜವಾದ ಗುರುತು ಬರೆಯಬೇಡಿ, ಸಂಘದೊಳಗೇ ಜಗಳ ಹತ್ತುತ್ತದೆ.

ಮತ ಕೇಳಲು ಬಂದವರಿಗೆ ಕಾಫಿ ಕೊಡಿ, ಜೊತೆಗೆ ಒಂದೇ ಪ್ರಶ್ನೆ ಕೇಳಿ: ‘ಹೋದ ಗ್ರಾಮಸಭೆಗೆ ಬಂದಿದ್ರಾ?’ ಮನೆ ಕಟ್ಟಿಕೊಳ್ಳಲು ಬಸವ ವಸತಿಯ ಫಲಾನುಭವಿಗಳನ್ನು ಆರಿಸುವುದು ಆ ಸಭೆಯಲ್ಲೇ. ಅಲ್ಲಿಗೆ ತಲೆ ಹಾಕದವರು ಗೆದ್ದ ಮೇಲೆ ನಿಮ್ಮ ಬೀದಿಗೆ ತಲೆ ಹಾಕುತ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ. ಆಮೇಲೆ, ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರಿಗೇ ಮೀಸಲು. 21 ವರ್ಷ ತುಂಬಿದ್ದರೆ ನೀವೇ ನಿಲ್ಲಬಹುದು. ನಿಮ್ಮ ಕಾಗದ ಓದಿದಾಗ ನನಗೆ ಮೊದಲು ತೋಚಿದ್ದೂ ಅದೇ.

ಪ್ರಶ್ನೆ: ನಮ್ಮೂರಲ್ಲಿ ಮುಖಂಡರು ಸೇರಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾರು ಜಾಸ್ತಿ ದುಡ್ಡು ಕೊಡುತ್ತಾರೋ ಅವರನ್ನೇ ಅವಿರೋಧವಾಗಿ ಆರಿಸೋಣ ಅಂತಿದ್ದಾರೆ. ದುಡ್ಡು ಯಾರ ಜೇಬಿಗೂ ಹೋಗಲ್ಲ, ದೇವರಿಗೇ. ಊರಲ್ಲಿ ಜಗಳವೂ ಇರಲ್ಲ. ಇದರಲ್ಲಿ ತಪ್ಪೇನು?
— ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ತಪ್ಪು ಅಂತ ನಿಮಗೇ ಅನ್ನಿಸಿದೆ, ಇಲ್ಲದಿದ್ದರೆ ಕಾಗದ ಬರೆಯುತ್ತಿರಲಿಲ್ಲ.

ಇದು ಹರಾಜು. 2020ರಲ್ಲಿ ಕೆಲವು ಜಿಲ್ಲೆಗಳಿಂದ ಇಂಥದ್ದೇ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಕ್ರಮ ಕೈಗೊಳ್ಳಿ ಅಂತ ಜಿಲ್ಲಾಧಿಕಾರಿಗಳಿಗೆ ಹೇಳಿತ್ತು. ದೇವರಿಗೆ ದುಡ್ಡು ಕೊಡುವವರು ಹಾಗೇ ಕೊಡಲಿ, ಯಾರು ಬೇಡ ಅಂದರು? ಬದಲಿಗೆ ಪಂಚಾಯಿತಿ ಸೀಟು ಕೇಳಿದರೆ ಅದು ಕಾಣಿಕೆ ಹೇಗಾಗುತ್ತದೆ? ಲಕ್ಷಗಟ್ಟಲೆ ಸುರಿದು ಬಂದವರು ಆ ದುಡ್ಡನ್ನು ಎಲ್ಲಿಂದ ಎತ್ತುತ್ತಾರೆ ಅಂತ ಯೋಚಿಸಿ. ಚರಂಡಿ ಬಿಲ್ಲಿನಿಂದ, ಬೀದಿ ದೀಪದ ಬಿಲ್ಲಿನಿಂದ. ಇನ್ನೆಲ್ಲಿಂದ?

‘ಜಗಳ ಇರಲ್ಲ’ ಅನ್ನುವ ಮಾತನ್ನು ಮಾತ್ರ ಸ್ವಲ್ಪ ತೂಗಿ ನೋಡಬೇಕು. ಊರಲ್ಲಿ ಚುನಾವಣೆ ಜಗಳ ಎಷ್ಟು ವರ್ಷ ಉಳಿಯುತ್ತದೆ ಅಂತ ನನಗೂ ಗೊತ್ತು, ಮದುವೆ ಕರೆಯೋಲೆ ಕೊಡದೇ ಇರುವ ಮನೆಗಳಿವೆ. ನಿಜವಾಗಿ ಎಲ್ಲರೂ ಒಪ್ಪಿ ಒಬ್ಬರನ್ನು ಆರಿಸಿದರೆ ಅದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಆ ಮಾತುಕತೆ ನಡೆದಾಗ ಕಟ್ಟೆ ಮೇಲೆ ಯಾರು ಕೂತಿದ್ದರು? ಹೆಂಗಸರು ಇದ್ದರಾ? ಕಾಲೋನಿಯಿಂದ ಯಾರನ್ನಾದರೂ ಕರೆದಿದ್ದರಾ, ಕರೆದಿದ್ದರೆ ಕೂರಿಸಿದರಾ, ನಿಲ್ಲಿಸಿದರಾ? ಇಷ್ಟನ್ನು ನಿಮ್ಮ ಮುಖಂಡರಿಗೆ ಕೇಳಿ. ಹರಾಜು ನಡೆದೇ ಬಿಟ್ಟರೆ ತಹಶೀಲ್ದಾರರಿಗೆ ಬರೆದು ಕೊಡಿ. ಒಬ್ಬರೇ ಹೋಗಲು ಭಯವಾದರೆ ನಾಲ್ಕು ಜನ ಹೋಗಿ. ಅದಕ್ಕಿಂತ ಸುಲಭದ ದಾರಿಯೂ ಇದೆ. ಇನ್ನೊಬ್ಬರು ನಾಮಪತ್ರ ಹಾಕಿಬಿಟ್ಟರೆ ಅವಿರೋಧದ ಆಟ ಅಲ್ಲಿಗೇ ನಿಂತಿತು.

ಪ್ರಶ್ನೆ: ನನ್ನ ಒಂದು ಮತದಿಂದ ಏನಾಗುತ್ತೆ ಮೇಡಂ?
— ಓದುಗರೊಬ್ಬರು, ದಾವಣಗೆರೆ

ಉತ್ತರ: 2004ರ ವಿಧಾನಸಭೆ ಚುನಾವಣೆ. ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ 40,752. ಎ.ಆರ್. ಕೃಷ್ಣಮೂರ್ತಿ 40,751. ಅಷ್ಟು ದೊಡ್ಡ ಕ್ಷೇತ್ರದಲ್ಲೇ ಹೀಗಾದರೆ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಇರುವ ಗ್ರಾಮ ಪಂಚಾಯಿತಿಯಲ್ಲಿ ಏನಾಗಬಹುದು ಅಂತ ನೀವೇ ಲೆಕ್ಕ ಹಾಕಿ. ಸಮಸಮ ಬಂದರೆ ಚೀಟಿ ಎತ್ತುತ್ತಾರೆ. ನೀವು ಮನೆಯಲ್ಲಿ ಮಲಗಿದ್ದ ದಿನ ಊರಿನ ಐದು ವರ್ಷ ಚೀಟಿಯಲ್ಲಿ ತೀರ್ಮಾನ ಆಗಬಹುದು.

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಹೆಂಡತಿ ಮಕ್ಕಳು ಇಲ್ಲೇ. ವೋಟು ಮಾತ್ರ ಊರಲ್ಲಿದೆ. ಪ್ರತಿ ಸಲ ಅಭ್ಯರ್ಥಿಗಳು ಗಾಡಿ ಕಳಿಸುತ್ತಾರೆ, ಹೋಗಿ ಹಾಕಿ ಬರುತ್ತೇನೆ. ಊರಿನ ಋಣ ತೀರಿಸಿದಂತಾಯಿತು, ಸರಿ ತಾನೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮತ ಹಾಕಲೇಬೇಕು ಅನ್ನುವ ನಿಮ್ಮ ಹಟ ಮೆಚ್ಚಿದೆ. ಉಳಿದದ್ದು ಮೆಚ್ಚಲಿಲ್ಲ. ಮತದಾರರನ್ನು ಕರೆತರಲು ಅಭ್ಯರ್ಥಿ ಗಾಡಿ ಕಳಿಸುವುದು ಚುನಾವಣಾ ಅಕ್ರಮ. ಆ ಗಾಡಿ ಹತ್ತಿದ ಮೇಲೆ ನಿಮ್ಮ ಮತ ಯಾರಿಗೆ ಅಂತ ಡ್ರೈವರ್‌ಗೂ ಗೊತ್ತಿರುತ್ತದೆ.

ನನ್ನ ಸಲಹೆ ನಿಮ್ಮ ಅಪ್ಪ ಅಮ್ಮನಿಗೆ ಇಷ್ಟವಾಗದೇ ಇರಬಹುದು. ಹೆಸರನ್ನು ಬೆಂಗಳೂರಿಗೆ ವರ್ಗಾಯಿಸಿಕೊಳ್ಳಿ. ನೀವು ನಿಜವಾಗಿ ವಾಸ ಇರುವ ಕಡೆ ಹೆಸರು ಇರಬೇಕು ಅನ್ನುವುದೇ ಕಾನೂನು, ಎರಡು ಕಡೆ ಇಟ್ಟುಕೊಳ್ಳುವುದು ಅಪರಾಧ. ನಿಮ್ಮ ಮಕ್ಕಳು ಕುಡಿಯುವ ನೀರು, ನಿಮ್ಮ ಬೈಕು ಬೀಳುವ ಗುಂಡಿ, ಮೂಲೆಯಲ್ಲಿ ಕೊಳೆಯುವ ಕಸ ಎಲ್ಲವೂ ಪೀಣ್ಯದ್ದು. ಊರಿನ ಚರಂಡಿ ಬಗ್ಗೆ ಅಲ್ಲಿ ಇರುವವರು ತೀರ್ಮಾನ ಮಾಡಲಿ, ಅವರಿಗೆ ಅದರ ವಾಸನೆ ಗೊತ್ತು.

ಬೆಂಗಳೂರಿನಲ್ಲಿ ನಿಮ್ಮಂಥವರು ಲಕ್ಷಗಟ್ಟಲೆ ಇದ್ದಾರೆ. 2015ರ ಆಗಸ್ಟಿನ ಬಿಬಿಎಂಪಿ ಚುನಾವಣೆಯಲ್ಲಿ ಅರ್ಧದಷ್ಟು ಜನವೂ ಮತ ಹಾಕಲಿಲ್ಲ. ಗೆದ್ದವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು, ಆಮೇಲೆ ಅಧಿಕಾರಿಗಳ ಆಡಳಿತ. ಹೀಗೆ ಹತ್ತು ವರ್ಷ ಬೆಂಗಳೂರಿನವರು ಪಾಲಿಕೆ ಚುನಾವಣೆಯನ್ನೇ ನೋಡಲಿಲ್ಲ. ನನಗೆ ಕೋಪ ಬರುವುದು ಚುನಾವಣೆ ಮುಂದೂಡಿದವರ ಮೇಲೆ ಮಾತ್ರ ಅಲ್ಲ. ಒಂದು ಹಳ್ಳಿಯಲ್ಲಿ ಅಷ್ಟು ವರ್ಷ ಪಂಚಾಯಿತಿ ಚುನಾವಣೆ ನಿಲ್ಲಿಸಿ ನೋಡಿ, ಪಿಡಿಒ ಕಚೇರಿಗೆ ಬೀಗ ಬೀಳುತ್ತಿತ್ತು. ಬೆಂಗಳೂರಿನಲ್ಲಿ ಅಂಥ ಗಲಾಟೆ ಏಳಲಿಲ್ಲ. ಅರ್ಧ ನಗರದ ಮನಸ್ಸು ಊರಲ್ಲೇ ಇರುವಾಗ ಹೇಗೆ ಏಳುತ್ತದೆ? 2025ರಲ್ಲಿ ಐದು ಪಾಲಿಕೆ ಮಾಡಿದ್ದಾರೆ. ನಿಮ್ಮ ಮನೆ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆ ಅಂತ ಹೆಂಡತಿಯನ್ನು ಕೇಳಿ ನೋಡಿ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಈ ಭಾನುವಾರ ಅದೇ ಕೆಲಸ ಇಟ್ಟುಕೊಳ್ಳಿ.

ಪ್ರಶ್ನೆ: ವೋಟರ್ ಕಾರ್ಡ್ ಇದೆ, ಹೋದ ಸಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ವಾಪಸ್ ಕಳಿಸಿದರು. ಕಾರ್ಡ್ ಇದ್ದೂ ಹೀಗೆ ಮಾಡಬಹುದಾ?
— ಓದುಗರೊಬ್ಬರು, ಮಂಡ್ಯ

ಉತ್ತರ: ಮಾಡಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡಿನಿಂದ ಉಪಯೋಗವಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ಒಡೆದು ವಾರ್ಡುವಾರು ಪಟ್ಟಿ ಮಾಡುತ್ತಾರೆ. ಒಡೆಯುವಾಗ ಅಪ್ಪ ಒಂದು ವಾರ್ಡಿಗೆ, ಮಗ ಇನ್ನೊಂದಕ್ಕೆ ಹೋಗುವುದುಂಟು. ನಿಮ್ಮ ಹೆಸರು ಪಕ್ಕದ ಮತಗಟ್ಟೆಯ ಪಟ್ಟಿಯಲ್ಲಿ ಇದ್ದಿರಲೂಬಹುದು. ಕರಡು ಪಟ್ಟಿಯನ್ನು ಪಂಚಾಯಿತಿ ಕಚೇರಿಯಲ್ಲಿ ಅಂಟಿಸಿದಾಗ, ಆಕ್ಷೇಪಣೆಗೆ ಕೊಟ್ಟ ದಿನಗಳೊಳಗೇ ಹೋಗಿ ನೋಡಿ. ಮತದಾನದ ದಿನ ಅಲ್ಲಿ ಕೂತ ಮೇಷ್ಟ್ರ ಮೇಲೆ ಕೂಗಾಡಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಎಷ್ಟು ಜನರಿಂದ ಬೈಸಿಕೊಂಡಿದ್ದೇನೋ!

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ, 17 ವರ್ಷ. ಮತ ಇಲ್ಲ. ನಾನು ಏನೂ ಮಾಡಕ್ಕಾಗಲ್ವಾ ಟೀಚರ್?
— ವಿದ್ಯಾರ್ಥಿನಿ, ಶಿರಾ

ಉತ್ತರ: ಆಗುತ್ತೆ ಕಣೇ. 17 ತುಂಬಿದವರು ಈಗಲೇ ಅರ್ಜಿ ಹಾಕಿಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ಇವುಗಳಲ್ಲಿ ಯಾವುದಕ್ಕೆ 18 ಆಗುತ್ತದೋ ಆಗ ಹೆಸರು ಸೇರುತ್ತದೆ. ಮನೆಯವರ ಹೆಸರು ಪಟ್ಟಿಯಲ್ಲಿದೆಯಾ ಅಂತ ಮೊಬೈಲಿನಲ್ಲಿ ನೋಡಿಕೊಡುವವರು ಊರಲ್ಲಿ ಬೇಕು, ಆ ಕೆಲಸ ನೀನು ಹಿಡಿ. ಅಜ್ಜಿಯರಿಂದ ಶುರು ಮಾಡು.

ಇನ್ನೊಂದು. ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತದೆ, 18 ಆಗದವರಿಗೇ. ಬಹಳ ಕಡೆ ಅದನ್ನು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿಸಿಬಿಡುತ್ತಾರೆ. ನೀನು ಹೋದರೆ ಒಂದೇ ವಿಷಯ ಎತ್ತು. ಕಾಲೇಜಿಗೆ ಬರುವ ದಾರಿಯಲ್ಲಿ ದೀಪ ಇಲ್ಲ, ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ, ಏನು ತೊಂದರೆಯೋ ಅದು. ಹೇಳಿ ಕೂತುಬಿಡಬೇಡ. ‘ಸರ್, ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ’ ಅನ್ನು, ಅವರು ಬರೆಯುವ ತನಕ ನಿಂತಿರು. ಮುಂದಿನ ಸಭೆಗೆ ಹೋದಾಗ ಅದೇ ಪುಟ ತೆಗೆಸು.