ಓದುಗರ ಪ್ರಶ್ನೆ: ತೆರೆಯ ಮೇಲಿನ ಅನುಮಾನ

ಪ್ರಶ್ನೆ: ಹೆಂಡತಿಗೆ ಬೇರೆ ಸಂಬಂಧವಿದೆಯೇನೋ ಎಂದು ಗಂಡ ಅನುಮಾನಿಸುವ ಕಥೆಯ ಮೇಲೆ 110 ಪುಟದ ಚಿತ್ರಕಥೆ ಬರೆದಿದ್ದೇನೆ. ಅರ್ಧ ಓದುವಷ್ಟರಲ್ಲಿ ಎಲ್ಲರಿಗೂ ಸತ್ಯ ಗೊತ್ತಾಗಿಬಿಡುತ್ತದೆ. ಎಡವಿದ್ದೆಲ್ಲಿ?

ಉತ್ತರ: ಇಂಥ ಚಿತ್ರಕಥೆಗಳಲ್ಲಿ ಗುಟ್ಟು ಸೋರುವುದು ಹೆಚ್ಚಾಗಿ ಗಂಡ ಇಲ್ಲದ ದೃಶ್ಯಗಳಲ್ಲಿ. ಹೆಂಡತಿಯೊಬ್ಬಳೇ ಇರುವಾಗ ಅವಳು ಸಹಜವಾಗಿ ನಡೆದುಕೊಂಡರೆ ಸತ್ಯ ಹೊರಬೀಳುತ್ತದೆ. ಕ್ಯಾಮೆರಾ ಬೇಕೆಂದೇ ಮುಖ ತಿರುಗಿಸಿದರೆ ಪ್ರೇಕ್ಷಕರಿಗೆ ಮೋಸ ಮಾಡಿದಂತಾಗುತ್ತದೆ. ಗಂಡನ ಕಣ್ಣು ಕಿವಿಗೆ ಸಿಗದ ದೃಶ್ಯಗಳಿಗೆಲ್ಲ ಗುರುತು ಹಾಕಿ, ಮೊದಲರ್ಧದಿಂದ ತೆಗೆದುಬಿಡಿ. ಅವುಗಳಲ್ಲಿದ್ದ ಮಾಹಿತಿ ಅವನಿಗೆ ಅರ್ಧಂಬರ್ಧ ಸಿಗಲಿ: ಬಾಗಿಲಾಚೆಯಿಂದ ಮಾತಿನ ಕೊನೆಯ ತುಣುಕು ಮಾತ್ರ, ಅವನು ಕೋಣೆಗೆ ಬಂದಾಗ ಆಗಲೇ ಮುಗಿದಿರುವ ನಗು.

ಆಮೇಲೆ ಪ್ರತಿ ಸುಳಿವಿನ ಮುಂದೆ ಎರಡೆರಡು ವಿವರಣೆ ಬರೆಯಿರಿ. ಉದಾಹರಣೆಗೆ, ಅವಳು ತಡವಾಗಿ ಬರುತ್ತಾಳೆ, ಕೂದಲು ಒದ್ದೆ, ಹೊರಗೆ ಮಳೆಯಿಲ್ಲ. ಸಂಬಂಧವಿದೆ ಎಂಬುದು ಒಂದು ವಿವರಣೆ. ಈಜು ಕಲಿಯುತ್ತಿದ್ದಾಳೆ ಎಂಬುದು ಇನ್ನೊಂದು. ಆದರೆ ಅದನ್ನು ಗಂಡನಿಂದ ಮುಚ್ಚಿಟ್ಟದ್ದೇಕೆ? ಇದಕ್ಕೆ ಗಟ್ಟಿ ಕಾರಣವಿಲ್ಲದಿದ್ದರೆ ಎರಡನೆಯ ವಿವರಣೆ ನಿಲ್ಲುವುದಿಲ್ಲ, ಓದುವವರು ತಕ್ಷಣ ಮೊದಲನೆಯದನ್ನೇ ಹಿಡಿಯುತ್ತಾರೆ. ನಿಮ್ಮ ಸ್ಕ್ರಿಪ್ಟ್‌ನಲ್ಲೂ ಬಹುಶಃ ಆಗಿರುವುದು ಇದೇ.

ಸುಳಿವು ಐದಾರು ಸಾಕು. ಒಂದೊಂದು ಸಿಕ್ಕಾಗಲೂ ಗಂಡ ಹಿಂದಿನದಕ್ಕಿಂತ ದೊಡ್ಡದೊಂದು ಹೆಜ್ಜೆ ಇಡಬೇಕು. ಮೊದಲು ಸುಮ್ಮನೆ ಗಮನಿಸುತ್ತಾನೆ, ಆಮೇಲೆ ಸುತ್ತಿ ಬಳಸಿ ಕೇಳುತ್ತಾನೆ, ಕೊನೆಗೆ ಅವಳ ಫೋನ್ ತೆರೆಯುತ್ತಾನೆ. ಅಲ್ಲಿಂದ ಮುಂದೆ ಮುಚ್ಚಿಡುವ ಸರದಿ ಅವನದು. ಚಿತ್ರದ ನಿಜವಾದ ಕಥೆ ಶುರುವಾಗುವುದೇ ಅಲ್ಲಿ.

ಪ್ರಶ್ನೆ: ತಪ್ಪು ಮಾಡಿದವಳಂತೆ ನಟಿಸಲೋ, ಮಾಡದವಳಂತೆಯೋ ಎಂದು ನಟಿ ಕೇಳುತ್ತಾರೆ.

ಉತ್ತರ: ಸತ್ಯವೇನೆಂದು ಅವರಿಗೆ ಹೇಳಿಬಿಡಿ, ಗಂಡನ ಪಾತ್ರಧಾರಿಗೆ ಹೇಳಬೇಕಾಗಿಲ್ಲ. "ಸ್ವಲ್ಪ ಅನುಮಾನ ಬರುವ ಹಾಗೆ ನೋಡಿ" ಎಂದರೆ ಕಣ್ಣು ಕಿರಿದಾಗುತ್ತದೆ, ಅಷ್ಟೇ. ಅದರ ಬದಲು, ಮಾಡುವುದಕ್ಕೊಂದು ಕೆಲಸ ಕೊಡಿ: ಈ ಮಾತನ್ನು ಬೇಗ ಮುಗಿಸಿ ಸ್ನಾನಕ್ಕೆ ಹೋಗಬೇಕು. ಅನುಮಾನ ಹುಟ್ಟಿಸುವುದು ಎಡಿಟಿಂಗ್ ಟೇಬಲ್‌ನ ಕೆಲಸ. ಒಂದೇ ಮುಖದ ಶಾಟ್‌ನ ಪಕ್ಕಕ್ಕೆ ಸೂಪ್ ಬಟ್ಟಲಿನ ಶಾಟ್ ಜೋಡಿಸಿದರೆ ಆ ಮುಖದಲ್ಲಿ ಹಸಿವು, ಶವಪೆಟ್ಟಿಗೆಯ ಶಾಟ್ ಜೋಡಿಸಿದರೆ ದುಃಖ ಕಾಣುತ್ತದೆಂದು ಸೋವಿಯತ್ ನಿರ್ದೇಶಕ ಲೆವ್ ಕುಲೆಶೊವ್ ನೂರು ವರ್ಷದ ಹಿಂದೆಯೇ ತೋರಿಸಿದ್ದರು. ಅವಳ ಮಾತು ಮುಗಿದ ಮೇಲೂ ಗಂಡನ ಮುಖವನ್ನು ಎರಡು ಸೆಕೆಂಡ್, ಅಂದರೆ ಸೆಕೆಂಡಿಗೆ 24ರ ಲೆಕ್ಕದಲ್ಲಿ 48 ಫ್ರೇಮ್, ಹಿಡಿದಿಡಿ. ಹೇಳಿದ್ದು ನಿಜವೇ ಆಗಿದ್ದರೂ ಸುಳ್ಳಿನಂತೆ ಕೇಳಿಸುತ್ತದೆ. ಅದಕ್ಕಾಗಿ ಚಿತ್ರೀಕರಣದ ದಿನವೇ ಅವನ ಮೌನದ ಕ್ಲೋಸ್‌ಅಪ್‌ಗಳನ್ನು ಧಾರಾಳವಾಗಿ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನಡೆಯದ ಘಟನೆಯನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ತೋರಿಸಬಹುದೇ?

ಉತ್ತರ: ನಡೆದದ್ದೆಂಬಂತೆ ತೋರಿಸಬೇಡಿ. ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್‌ರಂಥವರೂ 1950ರ 'ಸ್ಟೇಜ್ ಫ್ರೈಟ್'ನಲ್ಲಿ ಸುಳ್ಳು ಫ್ಲ್ಯಾಶ್‌ಬ್ಯಾಕ್ ಬಳಸಿ, ಹಾಗೆ ಮಾಡಬಾರದಿತ್ತೆಂದು ಆಮೇಲೆ ಹೇಳಿದರು. ಗಂಡನ ಕಲ್ಪನೆಯೆಂದು ತಿಳಿಯುವಂತಿದ್ದರೆ ಅಡ್ಡಿಯಿಲ್ಲ. ಅವಳು ಯಾರನ್ನೋ ಭೇಟಿಯಾಗುತ್ತಾಳೆಂದು ಅವನು ಊಹಿಸಿಕೊಳ್ಳುವ, ಎಂದೂ ನೋಡಿರದ ಕೋಣೆಯಲ್ಲಿ ಅವನ ಮನೆಯದೇ ಪರದೆ, ಅದೇ ಮೇಜುದೀಪ ಇಡಿ; ಅದು ಅವನ ಮನಸ್ಸೇ ಕಟ್ಟಿದ್ದೆಂದು ಗೊತ್ತಾಗುತ್ತದೆ. ಸಂಭಾಷಣೆ ಬೇಡ.