ಡೂಮ್‌ನ ಲೆಕ್ಕ ತಪ್ಪಿತ್ತು

ಪತ್ರ: ಸಂಪಾದಕರೇ, ಕಳೆದ ಸಂಚಿಕೆಯ ಕಾಮಿಕ್ಸ್ ಖಳನಾಯಕರ ಲೇಖನದಲ್ಲಿ ಡಾಕ್ಟರ್ ಡೂಮ್‌ಗೆ ಅರ್ಧ ಪುಟ, ಜೋಕರ್‌ಗೆ ಎರಡೇ ಸಾಲು. ಇದ್ಯಾವ ನ್ಯಾಯ? ಡೂಮ್ ಅಂದರೆ ತಗಡಿನ ಡಬ್ಬ, ಮೇಲೊಂದು ಹಸಿರು ಕಂಬಳಿ. ಖಳ ಮನಸ್ಸಿಗೆ ಹಿಡಿಸಬೇಕಾದರೆ ಅವನ ಹಿಂದೆ ಒಂದು ನೋವಿನ ಕಥೆ ಇರಬೇಕು. ಜೋಕರ್‌ಗೆ ಅದಿದೆ. 1960ರಲ್ಲಿ ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಹುಟ್ಟಿದ ಈ ಡೂಮ್‌ಗೆ ಏನಿದೆ? – ಒಬ್ಬ ಓದುಗ, ದಾವಣಗೆರೆ

ಉತ್ತರ: ‘ತಗಡಿನ ಡಬ್ಬ’ ಓದಿ ಜೋರಾಗಿ ನಕ್ಕೆ. ಆಮೇಲೆ ಸ್ವಲ್ಪ ಕೋಪವೂ ಬಂತು. ಡೂಮ್ ನನ್ನ ಹಳೇ ಗೆಳೆಯ. ಕಾಲೇಜಿನ ದಿನಗಳಲ್ಲಿ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕವನು. ರಟ್ಟು ಹರಿದಿತ್ತು, ಕೊನೆಯ ಎರಡು ಪುಟ ಇರಲೇ ಇಲ್ಲ. ಆದರೂ ಬಿಡಲಿಲ್ಲ.

ಮೊದಲು ಜೋಕರ್ ವಿಷಯ ಮುಗಿಸಿಬಿಡೋಣ. ದೊಡ್ಡ ಖಳ, ತಕರಾರಿಲ್ಲ. 1940ರಲ್ಲಿ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಬಂದ. ಅದೇ ಸಂಚಿಕೆಯಲ್ಲಿ ಸಾಯಬೇಕಾಗಿತ್ತು ಕೂಡ. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಬೇಡ ಅಂದು, ಅವನಿನ್ನೂ ಬದುಕಿದ್ದಾನೆ ಅಂತ ತೋರಿಸುವ ಒಂದು ಚಿತ್ರ ಹಾಕಿಸಿದರು. (ಸಂಪಾದಕರು ಯಾತಕ್ಕೆ ಬೇಕು ಅಂತ ಕೇಳುವವರು ಇದನ್ನು ಗಮನಿಸಬೇಕು.) ಇನ್ನು ನೋವಿನ ಕಥೆ. 1988ರ ‘ದಿ ಕಿಲ್ಲಿಂಗ್ ಜೋಕ್’ ಕಾಮಿಕ್ಸ್‌ನಲ್ಲಿ ಲೇಖಕ ಆಲನ್ ಮೂರ್ ಒಂದು ಕೊಟ್ಟರು ನಿಜ: ಯಾರೂ ನಗದ ಹಾಸ್ಯಗಾರ, ಸತ್ತುಹೋದ ಬಸುರಿ ಹೆಂಡತಿ. ಕೊಟ್ಟ ಕೈಯಲ್ಲೇ ಕಿತ್ತುಕೊಂಡರು. ನನಗೆ ಹಳೆಯದು ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತೆ ಅಂತ ಜೋಕರ್ ಬಾಯಲ್ಲೇ ಹೇಳಿಸಿದರು. ಅವನ ಹಿಂದೆ ಏನಿದೆ ಅಂತ ನಮಗೆ ಗೊತ್ತಾಗದೇ ಇರುವುದೇ ಅವನು ಹುಟ್ಟಿಸುವ ಭಯ. ನಿಮ್ಮ ಉದಾಹರಣೆ ನಿಮ್ಮ ಕಾಲನ್ನೇ ಎಳೆಯುತ್ತಿದೆ, ಅಲ್ವಾ?

ಈಗ ನನ್ನವನು. ಡೂಮ್‌ಗೆ ನೋವಿನ ಕಥೆ ಇಲ್ಲ ಅಂದಿರಿ. ಸ್ವಾಮಿ, ರಾಶಿ ಇದೆ. 1964ರಲ್ಲಿ ಅವನನ್ನು ಹುಟ್ಟಿಸಿದ ಲೇಖಕ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಅವನ ಬಾಲ್ಯ ಹೇಳಿದರು. ಲಾಟ್ವೇರಿಯಾ ಅನ್ನುವ ಕಲ್ಪನೆಯ ಪುಟ್ಟ ದೇಶ. ಅಲ್ಲಿನ ಅಲೆಮಾರಿ ವೈದ್ಯನ ಮಗ. ದೊರೆಯ ಹೆಂಡತಿಯನ್ನು ಉಳಿಸಲಾಗದೆ ಅಪ್ಪ ಮಗನನ್ನು ಎತ್ತಿಕೊಂಡು ಹಿಮದಲ್ಲಿ ಓಡುತ್ತಾನೆ. ತನ್ನ ಬೆಚ್ಚನೆಯ ಬಟ್ಟೆಯನ್ನು ಮಗನಿಗೆ ಹೊದಿಸಿ ತಾನು ಚಳಿಗೆ ಸಾಯುತ್ತಾನೆ. ಇನ್ನೇನು ಬೇಕು? ಆದರೆ ಹುಡುಗ ಡೂಮ್ ಆಗಿದ್ದು ಹಿಮದಲ್ಲಲ್ಲ. ಅಮೆರಿಕದ ಹಾಸ್ಟೆಲ್ ಕೋಣೆಯಲ್ಲಿ.

ಅಲ್ಲಿ ರೀಡ್ ರಿಚರ್ಡ್ಸ್ ಅನ್ನುವ ಸಹಪಾಠಿ ಅವನ ಕಾಗದಗಳನ್ನು ನೋಡಿ, ನಿನ್ನ ಲೆಕ್ಕದಲ್ಲಿ ದಶಾಂಶ ತಪ್ಪಿದೆ, ಇನ್ನೊಮ್ಮೆ ನೋಡು ಅನ್ನುತ್ತಾನೆ. ಅಷ್ಟೇ. ನಿನ್ನ ಕೆಲಸ ನೋಡ್ಕೋ ಅಂತ ಡೂಮ್ ಅಟ್ಟುತ್ತಾನೆ. ಆ ಲೆಕ್ಕದ ಮೇಲೆ ಕಟ್ಟಿದ ಯಂತ್ರ ಸಿಡಿಯುತ್ತದೆ, ಮುಖಕ್ಕೆ ಗಾಯ. ಅಂದಿನಿಂದ ತಪ್ಪೆಲ್ಲ ರೀಡ್‌ನದು.

ಗಾಯ ಎಷ್ಟು ದೊಡ್ಡದು? ಒಂದು ಸಣ್ಣ ಗೀರು ಅಷ್ಟೇ ಅಂತ ಕರ್ಬಿಯ ಅಭಿಪ್ರಾಯ. ಅದನ್ನು ಕಾಣಲಾರದೆ ಡೂಮ್ ಕಬ್ಬಿಣದ ಮುಖವಾಡ ಮಾಡಿಸಿಕೊಂಡ. ಕಾದ ಮುಖವಾಡ ಆರುವ ತನಕ ಕಾಯುವ ತಾಳ್ಮೆಯೂ ಇರಲಿಲ್ಲ. 1985ರಲ್ಲಿ ಜಾನ್ ಬೈರ್ನ್ ಇದಕ್ಕೊಂದು ಎಳೆ ಸೇರಿಸಿದರು: ಮುಖ ನಿಜವಾಗಿ ಸುಟ್ಟಿದ್ದೇ ಆ ಕಾದ ಕಬ್ಬಿಣದಿಂದ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ.

ಯಾಕೆ ಗೊತ್ತಾ? ಇಂಥವರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ. ಒಬ್ಬ ಹಿರಿಯ ಲೇಖಕರ ಬರಹದಲ್ಲಿ ಒಂದು ಇಸವಿ ತಿದ್ದಿದ್ದೆ. ಹನ್ನೊಂದು ವರ್ಷವಾಯಿತು, ಮಾತಿಲ್ಲ. ಮದುವೆ ಮನೆಯಲ್ಲಿ ಎದುರಾದರೆ ಕೋಸಂಬರಿ ಕಡೆ ನೋಡುತ್ತಾರೆ. ನಾನೇನು ಸಾಚಾ ಅಲ್ಲ. ಹೊಸದರಲ್ಲಿ ನನ್ನ ತಪ್ಪೊಂದನ್ನು ಹಿಡಿದು ಓದುಗರೊಬ್ಬರು ಕಾರ್ಡು ಬರೆದಿದ್ದರು. ಮೂರು ರಾತ್ರಿ ಮಲಗದೆ ಮನಸ್ಸಿನಲ್ಲೇ ಉತ್ತರ ಬರೆದೆ. ನಾಲ್ಕನೆಯ ದಿನ ಅಚ್ಚಿನ ಮೊಳೆ ಜೋಡಿಸುವವರ ಮೇಲೆ ಹಾಕಿ ಕೈ ತೊಳೆದುಕೊಂಡೆ. ಅವತ್ತು ನನ್ನ ಮುಖದ ಮೇಲೂ ಸ್ವಲ್ಪ ಕಬ್ಬಿಣ ಇತ್ತು.

ಕನ್ನಡದವರಿಗೆ ಡೂಮ್ ಹೊಸಬನೂ ಅಲ್ಲ. ರನ್ನನ ದುರ್ಯೋಧನ ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಕಾದುತ್ತೇನೆ ಅಂದವನು. ಅವನನ್ನು ಒಪ್ಪದೆಯೂ ಅವನಿಗಾಗಿ ಅತ್ತವರು ನಾವು. ಅವನ ಬಾಲ್ಯದ ಕಷ್ಟವನ್ನು ಯಾರು ಕೇಳಿದ್ದರು?

ನೋವು ಬೇಡವೇ ಬೇಡ ಅಂತಲ್ಲ. ‘ಎಕ್ಸ್-ಮೆನ್’ ಕಾಮಿಕ್ಸ್‌ನ ಖಳ ಮ್ಯಾಗ್ನೆಟೋನನ್ನು ನೋಡಿ. 1963ರಲ್ಲಿ ಹುಟ್ಟಿದಾಗ ಬರೀ ಕೂಗಾಡುವವನು. ತನ್ನ ಗುಂಪಿಗೆ ತಾನೇ ‘ದುಷ್ಟರ ಬಳಗ’ ಅಂತ ಹೆಸರಿಟ್ಟುಕೊಂಡಿದ್ದ; ಯಾವ ದುಷ್ಟ ಹಾಗೆ ಮಾಡುತ್ತಾನೆ ಹೇಳಿ! 1981ರಲ್ಲಿ, ಅದರ 150ನೇ ಸಂಚಿಕೆಯಲ್ಲಿ, ಲೇಖಕ ಕ್ರಿಸ್ ಕ್ಲೇರ್ಮಾಂಟ್ ಅವನನ್ನು ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವನನ್ನಾಗಿ ಮಾಡಿದರು. ಅದೇ ಕಥೆಯಲ್ಲಿ ಅವನು ಕಿಟ್ಟಿ ಪ್ರೈಡ್ ಅನ್ನುವ ಹುಡುಗಿಯನ್ನು ಹೊಡೆದು ಕೆಡವುತ್ತಾನೆ. ಸತ್ತಳೇನೋ ಅಂತ ಹತ್ತಿರ ಹೋದರೆ, ಇನ್ನೂ ಮಗು. ಅಲ್ಲಿಗೆ ಯುದ್ಧ ನಿಲ್ಲಿಸುತ್ತಾನೆ. ಶಿಬಿರದ ನೆನಪು ಅವನ ಕೈ ಹಿಡಿಯಿತು. ಈಗಿನವರು ನೋವನ್ನು ಹೀಗೆ ಬಳಸುತ್ತಾರಾ? ಯಾವ ಸಿನಿಮಾ ನೋಡಿದರೂ ಖಳನಿಗೊಂದು ಫ್ಲಾಶ್‌ಬ್ಯಾಕು, ಮಳೆ, ಕೊಳಲು, ಅಳುವ ಹುಡುಗ. ನೂರು ಜನರನ್ನು ಕೊಂದವನಿಗೆ ಡಾಕ್ಟರ್ ಸರ್ಟಿಫಿಕೇಟು ಕೊಟ್ಟ ಹಾಗೆ. ಜೀವನದಲ್ಲೂ ಇದೇ ಚಾಳಿ ಜಾಸ್ತಿ ಆಗಿದೆ. ಲೇಖನ ಎರಡು ತಿಂಗಳು ತಡವಾದರೆ ಲೇಖನ ಬರುವುದಿಲ್ಲ, ಬಾಲ್ಯದ ಕಥೆ ಬರುತ್ತದೆ.

ಅಂದ ಹಾಗೆ, ನಿಮ್ಮ ಪತ್ರವನ್ನು ಬೇಕಂತಲೇ ತಿದ್ದದೆ ಅಚ್ಚು ಹಾಕಿದ್ದೇನೆ. ಡೂಮ್ ಬಂದಿದ್ದು 1962ರಲ್ಲಿ, ‘ಫೆಂಟಾಸ್ಟಿಕ್ ಫೋರ್’ ಐದನೇ ಸಂಚಿಕೆಯಲ್ಲಿ. ಅದರ ಮೇಲೆ ಜುಲೈ ಅಂತಿದೆ. ಸ್ಪೈಡರ್‌ಮ್ಯಾನ್‌ನ ಮೊದಲ ಕಥೆಯ ಮೇಲೆ ಆಗಸ್ಟ್ ಅಂತಿದೆ. ಕೋಪ ಬಂದರೆ ಬೈದು ಬರೆಯಿರಿ, ಅದನ್ನೂ ಹಾಕುತ್ತೇನೆ. ಕುಲುಮೆ ಕಡೆ ಮಾತ್ರ ಹೋಗಬೇಡಿ.